ಅಲುಗದ ಸ್ಟೂಲು

ಹ್ಯಾಲಿಫ್ಯಾಕ್ಸಿನ ಶಾಲೆಯ ಮರಗೆಲಸದ ಕೋಣೆಯಲ್ಲಿ ಹಟನ್ ಮಿಸ್ ಬೆಳಗಿನಿಂದ ನಿಂತಲ್ಲಿ ನಿಂತಿರಲಿಲ್ಲ. ಮಕ್ಕಳೇ ವಿನ್ಯಾಸ ಮಾಡಿ ಕಟ್ಟಿದ ವಸ್ತುಗಳಿಗೆ ಅವಳು ಕೊಟ್ಟ ಅಂಕ ಸರಿಯೇ ಎಂದು ನೋಡಲು ಹೊರಗಿನ ಪರೀಕ್ಷಕರು ಇನ್ನೇನು ಬರುವವರಿದ್ದರು. ಒಬ್ಬನ ದೀಪ ಉರಿಯುತ್ತಿಲ್ಲ, ಇನ್ನೊಬ್ಬಳ ಪೆಟ್ಟಿಗೆಯ ಮುಚ್ಚಳ ಕೂರುತ್ತಿಲ್ಲ. ಸದ್ಯ, ಬೆಥನಿಯ ಸ್ಟೂಲು ಒಂದಾದರೂ ಮಾನ ಉಳಿಸುತ್ತದೆ ಎಂದುಕೊಂಡು, ಕಾಲು ಸೋತು ಅದರ ಮೇಲೆಯೇ ಕುಳಿತಳು.

ಸ್ಟೂಲು ಟಕ್ಕೆಂದು ಒಂದು ಕಡೆಗೆ ವಾಲಿತು.

"ಏನೇ ಇದು ಬೆಥನಿ? ನಿನ್ನೆ ಬಂಡೆ ಥರ ನಿಂತಿತ್ತಲ್ಲೇ!"

"ಒಂದು ಕಾಲು ಚೂರು ಕುಯ್ದೆ, ಮಿಸ್."

"ತಲೆ ನೆಟ್ಟಗಿದೆಯಾ ನಿಂಗೆ?"

"ವರದಿ ಕೊನೇಲಿ 'ಏನು ತಪ್ಪಾಯ್ತು, ಹೇಗೆ ತಿದ್ದುತೀರಿ' ಅಂತ ಬರೀಬೇಕಲ್ಲ? ನಾನು ಏನೂ ತಪ್ಪಾಗಿಲ್ಲ ಅಂತ ಬರೆದೆ. ನೀವು ಸೊನ್ನೆ ಸುತ್ತಿದ್ರಿ. ಈಗ ನೋಡಿ, ಎರಡು ಪುಟ ಬರೆದಿದೀನಿ."

ಹಟನ್ ಮಿಸ್ ಆ ಪುಟಗಳನ್ನು ತಿರುವಿ ನೋಡಿದಳು. ಸೊನ್ನೆ ಸುತ್ತಿದ್ದು ಅವಳ ಕೈಯೇ. ಅಂಕ ಕೊಡುವ ನಿಯಮ ಹಾಗೇ ಇತ್ತು: ತಪ್ಪು ತೋರಿಸದಿದ್ದರೆ ಆ ಭಾಗಕ್ಕೆ ಅಂಕವಿಲ್ಲ. ಹೊರಗೆ ಕಾರಿಡಾರಿನಲ್ಲಿ ಪರೀಕ್ಷಕರ ಬೂಟಿನ ಸದ್ದು ಕೇಳಿಸಿತು. ಅವಳು ದಡಬಡಿಸಿ ಎದ್ದು, ಸ್ಟೂಲನ್ನು ಬೋರಲು ಹಾಕಿ, ಉಳಿದ ಕಾಲುಗಳನ್ನೂ ಅಷ್ಟಕ್ಕೇ ಕುಯ್ಯಲು ಗರಗಸ ಎತ್ತಿಕೊಂಡಳು.

ಬೆಥನಿ ಓಡಿಬಂದು ಅವಳ ಕೈ ಹಿಡಿದಳು.

"ಬೇಡ ಮಿಸ್, ದಮ್ಮಯ್ಯ! ಸರಿಹೋದ್ರೆ ಮತ್ತೆ ಸೊನ್ನೆ."