ಒಲೀಟಾ ಕಟ್ಟಿದ ಹಾಡು

ಇಸ್ತ್ರಿಮನೆಯ ಹಬೆ ತಾಗಿ ಒಲೀಟಾಳ ಮುಂಗೈ ತುಂಬ ಬೊಬ್ಬೆ. ಮೆಂಫಿಸ್ಸಿನ ದೊಡ್ಡ ಹೋಟೆಲುಗಳ ಹಾಸಿಗೆ ಬಟ್ಟೆಯೆಲ್ಲ ನಮ್ಮಂಥ ಕರಿಯ ಹೆಂಗಸರ ಕೈಯಲ್ಲೇ ಗರಿಗರಿಯಾಗುತ್ತಿತ್ತು. ಆ ಹೋಟೆಲುಗಳ ಮುಂಬಾಗಿಲನ್ನು ಮಾತ್ರ ನಾವು ದಾಟುವ ಹಾಗಿರಲಿಲ್ಲ. ಗಂಡ ರೂಫಸ್ ಎದೆರೋಗ ಹಿಡಿದು ಮಲಗಿದ್ದ ಚಳಿಗಾಲದಲ್ಲಿ ಅವಳು ಆ ಹಬೆಯ ನಡುವೆಯೇ ಹಾಡು ಕಟ್ಟಿದಳು. "ಬೆಳಗಾಗಲಿ ದೇವರೇ, ದೀಪ ಆರಿಸಬೇಡ." ಅವಳು ಸಾಲು ಎತ್ತಿದರೆ ಪಕ್ಕದ ಮೇಜಿನಿಂದ ನಾನು "ಆರಿಸಬೇಡ" ಎಂದು ಉತ್ತರ ಕೊಡುತ್ತಿದ್ದೆ. ಅವಳು ನನ್ನ ದೊಡ್ಡಮ್ಮನ ಮಗಳು. ರೂಫಸ್ ಭಾವ ಉಳಿಯಲಿಲ್ಲ.

ಭಾನುವಾರ ಚರ್ಚಿನಲ್ಲಿ ಹಾಡಿದಾಗ ಮುದುಕಿಯರು ಎದ್ದು ನಿಂತು ಅತ್ತರು. ಸುದ್ದಿ ಹ್ಯಾಸ್ಕೆಲ್ ಸಾಹೇಬನ ಕಿವಿಗೆ ಬಿತ್ತು. ಹಳೆಯ ಐಸ್ ಕಾರ್ಖಾನೆಯ ಗೋಡೆಗೆ, ಸದ್ದು ಮಾರ್ದನಿಸದಂತೆ, ಮೊಟ್ಟೆಯ ತಟ್ಟೆಗಳನ್ನು ಬಡಿದು ಸ್ಟುಡಿಯೊ ಮಾಡಿಕೊಂಡಿದ್ದ ಬಿಳಿಯ. ನಮ್ಮಿಬ್ಬರನ್ನೂ ಕರೆಸಿದ.

"ದೇವರೇ ಅನ್ನೋದನ್ನ ತೆಗ್ದು ನಲ್ಲನೇ ಅಂತ ಹಾಕು. ದೇವರ ಹಾಡು ಭಾನುವಾರಕ್ಕಷ್ಟೇ. ನಲ್ಲನ ಹಾಡು ವಾರವೆಲ್ಲ ಓಡತ್ತೆ."

ಒಲೀಟಾಳ ಮುಖ ಸಪ್ಪಗಾಯಿತು. "ರೂಫಸ್ ಭಾವ ನಿನ್ನ ನಲ್ಲನೇ ಅಲ್ವೇನಕ್ಕಾ? ಹಾಡು," ಎಂದೆ ನಾನು.

ಸ್ಟುಡಿಯೊದಲ್ಲಿ ಡ್ರಮ್ ಬಾರಿಸುತ್ತಿದ್ದ ಕ್ಲಿಯೋಫಸ್, ನಮ್ಮವನೇ, ಮೆಲ್ಲಗೆ ತಾಳ ಹಿಡಿದ. ಯಾರ ಮುಂದೆಯೂ ಸ್ವರ ಬರೆದ ಹಾಳೆಯಿರಲಿಲ್ಲ. ಒಲೀಟಾಳ ದನಿ ಒಡೆದ ಕಡೆ ನಮ್ಮೆಲ್ಲರ ಕಣ್ಣೂ ತೇವವಾಯಿತು. ಗಾಜಿನಾಚೆ ಹ್ಯಾಸ್ಕೆಲ್ ಎದ್ದು ನಿಂತ.

"ಭೇಷ್! ಯಾರು ಕಟ್ಟಿದ್ದು ಇದನ್ನ?"

"ನಂದಲ್ಲ ಸಾಹೇಬ್ರೆ. ದೇವ್ರು ಕೊಟ್ಟಿದ್ದು," ಎಂದಳು ಒಲೀಟಾ.

ನಮ್ಮ ಚರ್ಚಿನಲ್ಲಿ ಹಾಗೇ ಹೇಳುವುದು. ನಾನು ಕಟ್ಟಿದೆ ಎಂದರೆ ಸೊಕ್ಕು ಎಂದು ಹಿರಿಯರು ಮುಖ ತಿರುಗಿಸುತ್ತಾರೆ. ಹುಟ್ಟಿನಿಂದ ನಾಲಿಗೆಗೆ ಅಂಟಿದ ಮಾತು.

"ದೇವ್ರಿಗೆ ದುಡ್ಡು ಕಳ್ಸೋಣ ಅಂದ್ರೆ ಅಡ್ರೆಸ್ಸೇ ಇಲ್ವಲ್ಲ!" ಎಂದು ಅವನು ನಕ್ಕ. ನಾವೂ ನಕ್ಕೆವು. ಎಂಥ ಮುಠ್ಠಾಳರು ನಾವು!

ವಸಂತ ಬರುವಷ್ಟರಲ್ಲಿ ಕ್ಷೌರದಂಗಡಿ, ಮೀನಿನಂಗಡಿ, ಎಲ್ಲೆಲ್ಲೂ ರೇಡಿಯೊದಲ್ಲಿ ಅದೇ ಹಾಡು. ಒಲೀಟಾ ರೆಕಾರ್ಡು ತಂದು ನೋಡಿದಳು. ಹಾಡಿದವಳು ಅವಳೇ. ರಚನೆ ಎಂಬಲ್ಲಿ ಅಚ್ಚಾಗಿದ್ದದ್ದು ಮಾತ್ರ ಹ್ಯಾಸ್ಕೆಲ್ ಹೆಸರು.

"ರೂಫಸ್ ಸಾಯೋವಾಗ ಈ ಬಿಳಿಯ ಎಲ್ಲಿದ್ದನೇ?" ಎಂದಳು. ನೇರ ಸ್ಟುಡಿಯೊಗೆ ನಡೆದೆವು.

"ಸಾಹೇಬ್ರೆ, ಹಾಡು ನಂದು. ನನ್ನ ಹೆಸರು ಹಾಕ್ಸಿ."

"ನಂದಲ್ಲ ಅಂತ ನೀನೇ ಅಂದ್ಯಲ್ಲೇ. ಎಲ್ರೂ ಕೇಳಿಸ್ಕೊಂಡಿದಾರೆ. ನಿನ್ನ ತಂಗೀನೇ ಕೇಳು."

ಒಲೀಟಾ ರೆಕಾರ್ಡನ್ನು ಅವನ ಮೇಜಿನ ಮೇಲೆ ಕುಕ್ಕಿದಳು.

"ನೀವು ಬದಲಾಯ್ಸಿದ್ದು ಒಂದೇ ಪದ!"

"ಆ ಒಂದು ಪದಕ್ಕೇ ಕಣೇ ರೆಕಾರ್ಡು ಓಡಿದ್ದು. ಹೋಗ್ಲಿ ಬಿಡು. ಬರೋ ವಾರ ನ್ಯಾಶ್‌ವಿಲ್ಲಿಂದ ಒಬ್ಬ ಬಿಳೀ ಹುಡುಗಿ ಬರ್ತಾಳೆ. ಬಿಳಿಯರ ರೇಡಿಯೊಗೆ ಇದನ್ನೇ ಹಾಡ್ತಾಳೆ. ನೀವಿಬ್ರೂ ಹಿಂದೆ ನಿಂತು ಉತ್ತರ ಕೊಡಿ, ಕೂಲಿ ಕೊಡ್ತೀನಿ."

ಅಕ್ಕ ಅವನ ಮುಖಕ್ಕೆ ಉಗಿಯುತ್ತಾಳೆ ಅಂದುಕೊಂಡೆ. "ಬರ್ತೀವಿ," ಎಂದಳು.

ಆ ದಿನ ಟೇಪು ತಿರುಗತೊಡಗಿತು. ಹುಡುಗಿ ಬಾಯಿ ತೆರೆಯುವ ಮೊದಲೇ ಒಲೀಟಾ ಅವಳನ್ನು ಪಕ್ಕಕ್ಕೆ ಸರಿಸಿ ಮೈಕಿನ ಮುಂದೆ ನಿಂತಳು.

"ನಾನು ಒಲೀಟಾ ಗ್ರಿಗ್ಸ್‌ಬಿ. ಈ ಹಾಡು ನಾನು ಕಟ್ಟಿದ್ದು."

"ಅಕ್ಕ ಕಟ್ಟಿದ್ದು!" ಎಂದೆ. ಉತ್ತರ ತಾನಾಗಿ ಬಾಯಿಂದ ಹೊರಬಿತ್ತು.

"ನನ್ನ ಗಂಡ ಸಾಯೋವಾಗ ಕಟ್ಟಿದ್ದು."

"ಹೌದು ತಾಯೀ, ನೀನೇ ಕಟ್ಟಿದ್ದು!" ಕ್ಲಿಯೋಫಸ್ ಡ್ರಮ್ಮಿನ ಹಿಂದಿನಿಂದ ಕೂಗಿದ.

ಹ್ಯಾಸ್ಕೆಲ್ ಕೂಗಾಡಲಿಲ್ಲ. ಯಂತ್ರದವನ ಕಡೆ ತಿರುಗಿ, "ಟೇಪು ಹಿಂದಕ್ಕೆ ಸುತ್ತು. ಅದರ ಮೇಲೇ ರೆಕಾರ್ಡ್ ಮಾಡು," ಎಂದ.

ಸುತ್ತಿದರು. ಹುಡುಗಿ ಹಾಡಿದಳು. ಉತ್ತರದ ಜಾಗ ಬಂದಾಗ ನಮ್ಮನ್ನು ನೋಡಿದಳು. ನಾವು ಬಾಯಿ ಬಿಡಲಿಲ್ಲ. ಕ್ಲಿಯೋಫಸ್ ಕೋಲು ಕೆಳಗಿಟ್ಟ.

"ಏನ್ರೇ, ಉತ್ತರ ಎಲ್ಲಿ?"

"ಹಾಡು ನಿಮ್ದಲ್ವಾ ಸಾಹೇಬ್ರೆ? ಉತ್ತರಾನೂ ನೀವೇ ಕೊಡಿ," ಎಂದಳು ಒಲೀಟಾ.

"ನಡೀರಿ ಆಚೆ! ನಿಮ್ಮಂಥೋರು ಬೀದೀಲಿ ಬೇಕಾದಷ್ಟು ಸಿಗ್ತಾರೆ."

ಸಿಕ್ಕರು. ಆ ರೆಕಾರ್ಡು ನಮ್ಮದಕ್ಕಿಂತ ಜೋರಾಗಿ ಓಡಿತು. ಅದರಲ್ಲಿ "ಆರಿಸಬೇಡ" ಎನ್ನುವ ಹೆಂಗಸರು ಯಾರೋ, ನಾನು ಕಾಣೆ. ದನಿ ಕೇಳಿದರೆ ಗೊತ್ತಾಗುತ್ತದೆ, ನಮ್ಮವರೇ. ಅವರ ಹೆಸರೂ ಅದರ ಮೇಲಿಲ್ಲ.