ಬೆನ್ನ ಮೇಲಿನ ಆಮೆನ್

ಒಂದು ಭಾನುವಾರ ಬೆಳಿಗ್ಗೆ, ಒಳಗೆ ಒಂದು ನರಪಿಳ್ಳೆಯೂ ಇಲ್ಲದ ಬಿಳಿ ಅಂಗಿಯೊಂದು ತನ್ನಷ್ಟಕ್ಕೆ ತಾನೇ ಚರ್ಚಿಗೆ ನಡೆದುಹೋಗಿ, ಮೊದಲ ಸಾಲಿನಲ್ಲಿ ನೆಟ್ಟಗೆ ಕೂತು, ಪಾದ್ರಿಗಳು ಹೇಳಿದಾಗಲೆಲ್ಲ ಎದ್ದು ನಿಂತು, ಕೊನೆಯ ಹಾಡು ಮುಗಿಸಿಕೊಂಡೇ ಮನೆಗೆ ಬಂತು. ಅದಕ್ಕೆ ಇಸ್ತ್ರಿ ಹಾಕಿದವನು ಗರಿಗರಿ. ಅವನ ಕೈಗುಣಕ್ಕೆ ಬೀದಿಯವರು ಇಟ್ಟ ಹೆಸರು ಅದು. ತೊಟ್ಟವನು ಸುಸ್ತಾಗಿ ಕುಸಿದು ಕೂತರೂ ಗರಿಗರಿಯ ಅಂಗಿ ಮಾತ್ರ ನಿಂತೇ ಇರುತ್ತಿತ್ತು. ಅವನು ಪ್ಯಾಂಟಿಗೆ ಹಾಕಿದ ಗೆರೆಯಲ್ಲಿ ಎದುರುಮನೆಯಾಕೆ ಈರುಳ್ಳಿ ಹೆಚ್ಚಿಕೊಂಡು ಹೋಗುತ್ತಿದ್ದಳು.

ಇದರ ಗುಟ್ಟು ಕರೆಂಟಿನಲ್ಲಿರಲಿಲ್ಲ, ಕರ್ತನ ಪ್ರಾರ್ಥನೆಯಲ್ಲಿತ್ತು. ಒಂದು ಅಂಗಿಗೆ ಒಂದು ಸಲ. ಕಾಲರಿನ ತುದಿಯಲ್ಲಿ ಶುರು. ಆಮೇಲೆ ಹೆಗಲು, ತೋಳು. ಗುಂಡಿಗಳ ಸುತ್ತ ಇಸ್ತ್ರಿ ಪೆಟ್ಟಿಗೆಯ ಮೂಗು ತೂರಿಸುವಾಗ ದಿನದ ರೊಟ್ಟಿ ಬೇಡುವ ಮಾತು, ಬೆನ್ನಿಗೆ ಬರುವಾಗ ತಪ್ಪಿಗೆ ಕ್ಷಮೆ ಬೇಡುವ ಮಾತು. ಬೆನ್ನೂ ಅಗಲ, ಆ ಮಾತೂ ಉದ್ದ. ಅಳತೆ ಕೊಟ್ಟು ಹೊಲಿಸಿದ ಹಾಗೆ ಹೊಂದಿಕೊಂಡಿತ್ತು. ಮಡಚಿ ಒಮ್ಮೆ ತಟ್ಟಿದರೆ ಆಮೆನ್. ತುಟಿ ನಡೆಯುವಷ್ಟು ಹೊತ್ತು ಪೆಟ್ಟಿಗೆಯೂ ನಡೆಯುತ್ತಿತ್ತು. ಹಾಗಾಗಿ ಮೂವತ್ತು ವರ್ಷದಲ್ಲಿ ಒಂದು ಎಳೆ ದಾರವೂ ಸುಟ್ಟಿರಲಿಲ್ಲ.

“ದೇವರು ಕೇಳ್ತಾನೋ ಇಲ್ವೋ, ಊರಿನ ಅಂಗಿಗಳಿಗಂತೂ ಪ್ರಾರ್ಥನೆ ಬಾಯಿಪಾಠ ಆಗಿದೆ ಬಿಡಿ,” ಎನ್ನುತ್ತಿದ್ದಳು ಅದೇ ಅಂಗಡಿಯ ಮೂಲೆಯಲ್ಲಿ ಕೂತು ಗುಂಡಿ ಹೊಲಿಯುವ ಹೆಂಡತಿ.

ಎದುರಿನ ಅಂಗಡಿ ಬಡಗಿಯದು. ಚರ್ಚಿನ ಬೆಂಚುಗಳನ್ನೆಲ್ಲ ಮಾಡಿದವನೇ ಅವನು, ಒಂದರ ಮೇಲೂ ಕೂತವನಲ್ಲ. ಪಾದ್ರಿಗಳು ಕರೆದು ಕರೆದು ಗಂಟಲು ಒಣಗಿಸಿಕೊಂಡಿದ್ದರು. ಅಂಥವನು ಒಂದು ಶುಕ್ರವಾರ ತನ್ನ ಒಂದೇ ಒಂದು ಬಿಳಿ ಅಂಗಿಯನ್ನು ತಂದು ಮೇಜಿನ ಮೇಲೆ ಹಾಕಿದ.

“ಭಾನುವಾರ ಬರ್ತೀನಿ ಕಣೋ. ಪಾದ್ರಿಗಳ ಮಾತಿಗಲ್ಲ. ಹತ್ತು ವರ್ಷದಿಂದ ನೋಡ್ತಾ ಇದೀನಿ, ಅಂಗಡೀಲಿ ಯಾರೂ ಇಲ್ದಿದ್ರೂ ನಿನ್ನ ತುಟಿ ಅಲ್ಲಾಡ್ತಾ ಇರುತ್ತೆ. ಅದ್ರಲ್ಲಿ ಏನೋ ಇರ್ಬೇಕು.”

ಗರಿಗರಿಯ ಎದೆ ಎಷ್ಟು ಉಬ್ಬಿತೆಂದರೆ ಅವನ ಅಂಗಿಯ ಗುಂಡಿಗಳು ಒಂದೊಂದಾಗಿ ಸಿಡಿದು, ಹೆಂಡತಿ ಆ ದಿನ ಅವನೊಬ್ಬನಿಗೇ ಹನ್ನೆರಡು ಗುಂಡಿ ಹೊಲಿದಳು.

ಶನಿವಾರ ಮಧ್ಯಾಹ್ನ ಬಡಗಿಯ ಅಂಗಿ ಮೇಜಿಗೆ ಬಂತು. ಕಾಲರು ಆಯಿತು, ತೋಳು ಆಯಿತು, ರೊಟ್ಟಿಯೂ ಆಯಿತು. ಅಷ್ಟರಲ್ಲಿ ಸಮವಸ್ತ್ರ ಒಯ್ಯಲು ನರ್ಸಮ್ಮ ಬಂದರು. ಗರಿಗರಿ ತಲೆ ಎತ್ತಿದ.

“ಯಾರ ಅಂಗಿ ಗೊತ್ತಾ ಇದು? ಬಡಗೀದು! ನಾಳೆ ಚರ್ಚಿಗೆ ಬರ್ತಾನೆ. ಯಾರಿಂದ ಹೇಳಿ? ಪಾದ್ರಿಗಳ ಕೈಲಿ ಆಗದ್ದು ಈ ತುಟಿಯಿಂದ ಆಯ್ತು, ಈ ತುಟಿಯಿಂದ!”

“ತುಟಿ ಇರ್ಲಿ,” ಎಂದರು ನರ್ಸಮ್ಮ ಮೂಗು ಮುಚ್ಚಿಕೊಂಡು. “ಏನೋ ಸೀದ ವಾಸನೆ ಬರ್ತಿದೆ.”

ಪೆಟ್ಟಿಗೆ ಎತ್ತಿದರೆ ಬೆನ್ನ ನಟ್ಟನಡುವೆ ಇನ್ನೊಂದು ಪೆಟ್ಟಿಗೆ, ಕಂದು ಬಣ್ಣದ್ದು, ಮೂಗಿನ ಸಮೇತ.

ನರ್ಸಮ್ಮ ಹೋದ ಮೇಲೆ ಗರಿಗರಿ ಹೆಂಡತಿಯ ಕಡೆ ತಿರುಗಿದ.

“ಮೇಲೊಂದು ಕೋಟು ಹಾಕ್ಕೋ ಅಂದ್ರೆ?”

“ಈ ಸೆಕೇಲಾ?”

“ಕರೆಂಟು ಜಾಸ್ತಿ ಬಂತು ಅಂದ್ರೆ?”

“ಅನ್ನಿ. ಇಷ್ಟಗಲದ ಬಾಯಿಗೆ ಅಷ್ಟು ಚಿಕ್ಕ ಸುಳ್ಳು ಒಪ್ಪುತ್ತಾ ನೋಡಿ.” ಅವಳು ಹಲ್ಲಿನಲ್ಲಿ ದಾರ ಕಡಿದಳು. “ಅವ್ರು ನಂಬಿದ್ದು ನಿಮ್ಮ ಇಸ್ತ್ರೀನಲ್ಲ ರೀ, ತುಟೀನ.”

ಅದೇ ಅವನ ಸಂಕಟ. ನಿಜ ಹೇಳಿದರೆ ಬಡಗಿ ಬರುವುದಿಲ್ಲ. ಸುಳ್ಳು ಹೇಳಿದರೆ ಬರುತ್ತಾನೆ, ಆದರೆ ಸುಳ್ಳನ್ನು ನಂಬಿ ಬಂದ ಹಾಗಾಗುತ್ತದೆ. ಗರಿಗರಿ ಅಂಗಿಯನ್ನು ಎದೆಗವಚಿಕೊಂಡು ಬೀದಿ ದಾಟಿದ. ದಿನಾ ಹತ್ತು ಹೆಜ್ಜೆಯ ಬೀದಿ ಆ ದಿನ ಹತ್ತು ಮೈಲಿ ಇತ್ತು.

“ಸುಟ್ಟುಬಿಟ್ಟೆ ಕಣೋ. ಪ್ರಾರ್ಥನೆ ಬಿಟ್ಟು ನನ್ನನ್ನೇ ಹೊಗಳಿಕೊಳ್ತಾ ಇದ್ದೆ. ನಿನ್ನನ್ನ ನಾನೇ ಕರ್ಕೊಂಡು ಬಂದೆ ಅಂತ.”

ಬಡಗಿ ಅಂಗಿ ಬಿಡಿಸಿ, ಹಲಗೆಯ ಮೇಲೆ ಹಾಸಿ, ಕಲೆಯ ಅಂಚಿನ ಗುಂಟ ಬೆರಳಾಡಿಸಿದ.

“ಯಾವ ಮಾತಿಗೆ ನಿಲ್ಲಿಸಿದ್ದೆ?”

“ರೊಟ್ಟಿ ಮುಗಿದಿತ್ತು. ಕ್ಷಮೆ... ಇನ್ನೂ ಬಂದಿರ್ಲಿಲ್ಲ.”

ಬಡಗಿ ನಕ್ಕ ರಭಸಕ್ಕೆ ಅಂಗಡಿಯ ಮರದ ಹೊಟ್ಟೆಲ್ಲ ಹಾರಿ ಮೂರು ಬೀದಿಯಾಚೆ ಬಿತ್ತು. “ನಾನೂ ಹೀಗೇ ಜಂಬ ಕೊಚ್ಚಿಕೊಳ್ತಾ ಒಂದು ಬಾಗಿಲನ್ನ ಗೇಣುದ್ದ ಕುಳ್ಳ ಮಾಡಿದ್ದೆ. ಗಾಳಿ ಆಡ್ಲಿ ಅಂತ ಬಿಟ್ಟಿದ್ದು ಅಂದೆ. ಪಾಪ, ಮನೆಯವರು ಇವತ್ತಿಗೂ ನಂಬ್ಕೊಂಡಿದಾರೆ. ನೀನು ಬಂದು ಹೇಳಿದೆಯಲ್ಲ ಮಹಾರಾಯ.” ಅವನು ಉಳಿಯನ್ನು ಪಕ್ಕಕ್ಕಿಟ್ಟ. “ಉಳಿದದ್ದನ್ನ ಇಲ್ಲೇ ಹೇಳಿ ಮುಗಿಸು.”

ಗರಿಗರಿ ಸುಟ್ಟ ಜಾಗದ ಮೇಲೆ ಬರಿಗೈ ಇಟ್ಟ. ಪೆಟ್ಟಿಗೆಯಿಲ್ಲದೆ ಆ ಮಾತು ಹೇಳಿ ಎಷ್ಟು ವರ್ಷವಾಗಿತ್ತೋ. ನಿಧಾನವಾಗಿ ಹೇಳಿದ. ಬಟ್ಟೆ ಇನ್ನೂ ಬೆಚ್ಚಗಿತ್ತು. ಆಮೆನ್ ಎಂದು ಕಣ್ಣು ಬಿಟ್ಟರೆ ಬಡಗಿಯ ತುಟಿಯೂ ಅಲ್ಲಾಡುತ್ತಿತ್ತು.

ಈಗಲೂ ಹೊಸ ಗಿರಾಕಿ ಬಂದರೆ ಗರಿಗರಿ ಪೆಟ್ಟಿಗೆ ನಿಲ್ಲಿಸಿ ಶುರುಮಾಡುತ್ತಾನೆ: “ಒಂದು ಭಾನುವಾರ, ಒಳಗೆ ಒಂದು ನರಪಿಳ್ಳೆಯೂ ಇಲ್ಲದ ಅಂಗಿ...”

“ರೀ,” ಎನ್ನುತ್ತಾಳೆ ಮೂಲೆಯಿಂದ ಹೆಂಡತಿ. “ಒಳಗೆ ಯಾರೂ ಇರ್ಲಿಲ್ವಾ?”

“ಇದ್ದ ಕಣೇ. ಬಡಗಿ ಇದ್ದ. ಹಿಂದಿನವರೆಲ್ಲ ಕಲೆ ನೋಡ್ಲಿ ಅಂತ ಬೇಕಂತಲೇ ಮೊದಲ ಸಾಲಲ್ಲಿ ಕೂತಿದ್ದ. ಸುಟ್ಟಿದ್ದು ನಾನು.”

“ಮೂವತ್ತು ವರ್ಷದಲ್ಲಿ ಅದೊಂದೇ?”

ಗರಿಗರಿ ಮುಂದಿನ ಅಂಗಿಯ ಕಾಲರು ಬಿಡಿಸುತ್ತಾನೆ.

“ಏಳು.”

ಮೂಲೆಯಲ್ಲಿ ಸೂಜಿ ನಿಲ್ಲುತ್ತದೆ.

“ಸರಿ ಮಾರಾಯ್ತಿ, ಹನ್ನೊಂದು. ಕರ್ಚೀಫು ಬಿಟ್ಟು.”