ಕೂಸನ್ನು ಒಯ್ಯಲು ಬಂದ ಅಜ್ಜ

ಗೂಳಪ್ಪನಿಗೆ ಒಂದು ಕಡೆ ಕೂತು ಗೊತ್ತಿಲ್ಲ. ದುಮ್ಮವಾಡದಲ್ಲಿ ಅವನನ್ನು ಹುಡುಕಿಕೊಂಡು ಬಂದವರು ಮೊದಲು ಮನೆಗೆ ಹೋಗುವುದಿಲ್ಲ, ಯಾರ ಹೊಲದಲ್ಲಿ ಗೋವಿನಜೋಳದ ರಾಶಿ ನಡೆದಿದೆ ಎಂದು ವಿಚಾರಿಸುತ್ತಾರೆ. ತೆನೆ ಒಕ್ಕುವ ಅವನ ರಾಶಿ ಮಷಿನ್ನಿನ ಸದ್ದು ಎಲ್ಲಿದೆಯೋ ಅಲ್ಲಿ ಅವನಿರುತ್ತಾನೆ. ರೊಟ್ಟಿಯನ್ನೂ ನಿಂತೇ ತಿಂದು ಮುಗಿಸುವ ಮನುಷ್ಯ. ಅಂಥವನು ಸುಗ್ಗಿಯ ನಡುವೆ ಮಷಿನ್ನನ್ನು ಹಿತ್ತಲಲ್ಲಿ ನಿಲ್ಲಿಸಿ, ಮನೆಯ ಕಟ್ಟೆಗೂ ರಸ್ತೆಗೂ ನಡುವೆ ಸುಮ್ಮನೆ ತಿರುಗಾಡುತ್ತಿದ್ದ. ಚಹಾ ಬಸಿಯಲ್ಲೇ ಆರಿ ಕೆನೆ ಕಟ್ಟಿತ್ತು.

ಸೊಸೆ ಸವಿತಾಳಿಗೆ ಏಳು ತಿಂಗಳಿಗೇ ಹೆರಿಗೆಯಾಗಿತ್ತು. ಬಿ.ಪಿ. ಏರಿ, ಫಿಟ್ಸ್ ಬಂದು, ಕಲಘಟಗಿಯಿಂದ ಆಂಬುಲೆನ್ಸಿನಲ್ಲಿ ಹುಬ್ಬಳ್ಳಿಯ ದೊಡ್ಡ ದವಾಖಾನೆಗೆ ಒಯ್ದು, ಆಪರೇಶನ್ ಮಾಡಿ ಕೂಸನ್ನು ಹೊರಗೆ ತೆಗೆದಿದ್ದರು. ಹೆಣ್ಣು ಕೂಸು. ಮೊದಲು ಉಸಿರಾಟದ ಮಷಿನ್ ಹಚ್ಚಿದ್ದರು. ಅದನ್ನು ತೆಗೆದರಂತೆ ಎಂದು ಮನೆಯವರು ಸ್ವಲ್ಪ ಹಗುರಾಗುವಷ್ಟರಲ್ಲಿ ಡಾಕ್ಟರು ಇನ್ನೊಂದು ಮಾತು ಹೇಳಿದರು. ಮೆದುಳಿನೊಳಗೆ ರಕ್ತ ಇಳಿದಿದೆ. ಮುಂದೆ ಕಾಲಲ್ಲಿ ಶಕ್ತಿ ಇಲ್ಲದಂತಾಗಬಹುದು, ಆಗದೆಯೂ ಇರಬಹುದು. ಈಗಲೇ ಹೇಳಲು ಬರುವುದಿಲ್ಲ.

ಮಗ ಹನುಮೇಶ ಫೋನಿನಲ್ಲಿ ಇಷ್ಟನ್ನು ತಿಳಿಸಿದಾಗ ಗೂಳಪ್ಪ "ಹೂಂ" ಎಂದು ಇಟ್ಟುಬಿಟ್ಟಿದ್ದ. ಅಂದಿನಿಂದ ಅವನ ಕಾಲು ನೆಲಕ್ಕೆ ಊರಿಲ್ಲ.

ದಾಯಾದಿ ತಮ್ಮ ಪುಂಡಲೀಕ ಕಟ್ಟೆಯ ಮೇಲೆ ಕೂತು ಅವನನ್ನೇ ನೋಡುತ್ತಿದ್ದ. ಕೊನೆಗೆ ಬಾಯಿಬಿಟ್ಟ.

"ಸಿಟ್ಟಾಗಬ್ಯಾಡ ಗೂಳಪ್ಪಣ್ಣ. ಹೆಣ್ಣ ಕೂಸು. ನಾಳೆ ನಡ್ಯಾಕ ಬರಲಿಲ್ಲಂದ್ರ ಅದರ ಗತಿ ಏನು? ಹುಡುಗೂರಿಗೆ ಇನ್ನೂ ವಯಸ್ಸೈತಿ, ಮತ್ತೊಂದು ಆಗತೈತಿ. ಮನಿಗೆ ತಂದಬಿಡ್ರಿ. ಉಳದ್ರ ಉಳೀತು, ಇಲ್ಲಂದ್ರ ದೇವರ ಇಚ್ಛಾ."

ಅಕ್ಕ ಸಾವಂತ್ರೆವ್ವ ಬಾಗಿಲಲ್ಲಿ ಮೊರ ಹಿಡಿದು ಜೋಳ ಹಸನು ಮಾಡುತ್ತಿದ್ದಳು. ಗೂಳಪ್ಪನ ಹೆಂಡತಿ ತೀರಿಕೊಂಡ ಮೇಲೆ ಈ ಮನೆಯನ್ನು ನಡೆಸಿದವಳು, ಹನುಮೇಶನನ್ನು ಬೆಳೆಸಿದವಳು ಅವಳೇ. ಪುಂಡಲೀಕನಿಗೆ ಈಗ ಸರಿಯಾಗಿ ಬೈಸಿಕೊಳ್ಳುವುದಿದೆ ಎಂದು ಗೂಳಪ್ಪ ಅವಳ ಕಡೆ ನೋಡಿದ. ಅವಳು ತಲೆ ಎತ್ತಲಿಲ್ಲ.

"ಅಂವ ಹೇಳೂದು ಖರೇ ಐತಿ," ಅಂದಳು. "ಹೋಗಿ ಕೂಸಿನ್ನ ತಗೊಂಡ ಬಾ."

ಗೂಳಪ್ಪ ಅಂಗಿ ತೊಟ್ಟು ಹೊರಟ. ಈ ವಿಷಯದಲ್ಲಿ ಅಕ್ಕನಿಗಿಂತ ಹೆಚ್ಚು ತಿಳಿದವರು ಊರಲ್ಲಿ ಯಾರೂ ಇರಲಿಲ್ಲ. ಅವಳ ಒಬ್ಬಳೇ ಮಗಳು ನೀಲವ್ವ ಹುಟ್ಟಿದಾಗಿನಿಂದ ನಡೆದವಳಲ್ಲ, ಮಾತಾಡಿದವಳಲ್ಲ. ಅಕ್ಕ ಇನ್ನೂ ಗಂಡನ ಮನೆಯಲ್ಲಿದ್ದಾಗ, ಪ್ರಾಯಕ್ಕೆ ಬಂದು ಒಂದೆರಡು ವರ್ಷಕ್ಕೇ ತೀರಿಕೊಂಡಳು. ಆಮೇಲೆ ಅಕ್ಕ ಆ ಹೆಸರನ್ನು ಬಾಯಿಗೆ ತಂದದ್ದನ್ನು ಅವನು ಕೇಳಿಲ್ಲ.

ಬಸ್ಸಿನಲ್ಲಿ ಸೀಟು ಖಾಲಿ ಇದ್ದರೂ ಅವನು ಕೂಡಲಿಲ್ಲ. ಕಂಬ ಹಿಡಿದು ನಿಂತು, ಡಾಕ್ಟರಿಗೆ ಏನು ಹೇಳಬೇಕೆಂದು ಮನಸ್ಸಿನಲ್ಲೇ ಜೋಡಿಸಿಕೊಂಡ. ಕಲಘಟಗಿ ದಾಟುವಷ್ಟರಲ್ಲಿ ಮಾತು ತಯಾರಾಗಿತ್ತು. ಹುಬ್ಬಳ್ಳಿ ಬರುವಷ್ಟರಲ್ಲಿ ಎಲ್ಲ ಮರೆತುಹೋಗಿ, ಮತ್ತೆ ಮೊದಲಿನಿಂದ ಜೋಡಿಸಬೇಕಾಯಿತು.

ದವಾಖಾನೆಯ ಪಡಸಾಲೆಯಲ್ಲಿ ಹನುಮೇಶ ಗೋಡೆಗೆ ಒರಗಿ ಕೂತಿದ್ದ. ಬಾಯಿಗೆ ಮಾಸ್ಕು, ಕಣ್ಣು ಕೆಂಪು. ಹಿಂದಿನ ದಿನದಿಂದ ಕೆಮ್ಮು ಹತ್ತಿದ್ದರಿಂದ ಅವನನ್ನು ಕೂಸಿನ ಹತ್ತಿರ ಬಿಟ್ಟಿರಲಿಲ್ಲ. ಸವಿತಾ ಮೇಲಿನ ಅಂತಸ್ತಿನ ಐಸಿಯುದಲ್ಲಿದ್ದಳು, ಅವಳ ತಾಯಿ ಅಲ್ಲಿ ಬಾಗಿಲು ಕಾಯುತ್ತಿದ್ದಳು.

ಗೂಳಪ್ಪ ಬಂದ ಕಾರಣ ಹೇಳಿದ.

"ಸವಿತಾಗ ಏನಂತ ಹೇಳ್ಲಿ ಅಪ್ಪಾ? ಆಕಿ ಇನ್ನೂ ಕೂಸಿನ ಮಾರಿ ನೋಡಿಲ್ಲ."

"ತಡದು ಹೇಳೂಣು."

"ನಿನ್ನ ಮಾತು ನಾ ಎಂದೂ ಮೀರಿಲ್ಲ. ಇದೊಂದ ನನ್ನ ಬಾಯಿಲೆ ಹೇಳಸಬ್ಯಾಡ. ಡಾಕ್ಟರಿಗೆ ನೀನ ಹೇಳು." ಹಾಗೆಂದವನು ಆಚೆ ಮುಖ ತಿರುಗಿಸಿಕೊಂಡ.

ಕೂಸುಗಳ ವಾರ್ಡಿನ ಬಾಗಿಲಲ್ಲಿ ನಾಜಮೀನ್ ಎಂಬ ನರ್ಸು ಅವನನ್ನು ತಡೆದಳು. ಡಾಕ್ಟರು ರೌಂಡ್ಸಿನಲ್ಲಿದ್ದಾರೆ, ಬರುವುದು ಇನ್ನೂ ಹೊತ್ತಾಗುತ್ತದೆ ಎಂದಳು.

"ನೀವು ಕೂಸಿಗೆ ಏನಾಗಬೇಕ್ರಿ?"

"ಅಜ್ಜ."

"ಕೆಮ್ಮು, ಜ್ವರ, ಮೈಮ್ಯಾಲೆ ಹುಣ್ಣು, ಏನರ ಅದಾವೇನು?"

"ಇಲ್ರಿ."

"ಛಲೋ ಆತು. ಅಂಗಿ ತಗದು, ಎದಿ ಕೈ ಎಲ್ಲಾ ಸಾಬೂನು ಹಚ್ಚಿ ತೊಳ್ಕೊಂಡು ಬರ್ರಿ."

"ನಾ ಅದಕ್ಕ ಬಂದಿಲ್ಲವಾ," ಅಂದ ಗೂಳಪ್ಪ. "ಕೂಸಿನ್ನ ಮನಿಗೆ ಒಯ್ಯಾಕ ಬಂದೀನಿ."

ನಾಜಮೀನ್ ಅವನ ಮುಖವನ್ನೊಮ್ಮೆ ನೋಡಿದಳು. ಸಿಟ್ಟು ಮಾಡಲಿಲ್ಲ. "ಅದನ್ನ ಡಾಕ್ಟರ್ ಕೂಡ ಮಾತಾಡ್ರಿ. ಅವರು ಬರೂತನಾ ಕೂಸಿಗೆ ಮೈ ಬಿಸಿ ಬೇಕು. ತಾಯಿ ಐಸಿಯುದಾಗ, ತಂದಿಗೆ ಕೆಮ್ಮು. ಮುಂಜಾನೆಯಿಂದ ಯಾರೂ ಹಿಡಕೊಂಡಿಲ್ಲ. ಅಜ್ಜನ ಎದಿನೂ ನಡೀತೈತ್ರಿ."

ಗೂಳಪ್ಪ ಸ್ವಂತ ಮಗನನ್ನು ಕೂಡ ಅವನು ನಡೆಯಲು ಕಲಿಯುವವರೆಗೆ ಎತ್ತಿಕೊಂಡವನಲ್ಲ. ಎಳೆಗೂಸು ಹಿಡಿಯುವುದು ಹೆಂಗಸರ ಕೆಲಸವಾಗಿತ್ತು. ಆದರೆ ಡಾಕ್ಟರು ಬರುವವರೆಗೆ ಪಡಸಾಲೆಯಲ್ಲಿ ಮಗನ ಎದುರು ನಿಲ್ಲುವುದು ಇನ್ನೂ ಕಷ್ಟವೆನಿಸಿತು. ಅವನು ಅಂಗಿ ಬಿಚ್ಚಿದ.

ಒರಗು ಕುರ್ಚಿಯಲ್ಲಿ ಅವನನ್ನು ಕೂಡಿಸಿ, ಟೊಪ್ಪಿಗೆ ಹಾಕಿದ ಆ ಜೀವವನ್ನು ಎದೆಯ ನಡುವೆ ನೆಟ್ಟಗೆ ಮಲಗಿಸಿ, ನಾಜಮೀನ್ ಒಂದು ಬಟ್ಟೆಯಿಂದ ಸುತ್ತಿ ಕಟ್ಟಿದಳು. ಮೂಗಿಗೆ ಒಂದು ನಳಿಗೆ, ಕಾಲಿಗೆ ಒಂದು ವಾಯರು. ತೂಕವೇ ಇರಲಿಲ್ಲ. ಎದೆಯ ಕೂದಲಿನ ನಡುವೆ ಒಂದು ಒದ್ದೆ ಬಿಸಿ ಮಾತ್ರ ತಾಗುತ್ತಿತ್ತು.

ಗಳಿಗೆಯೊಳಗೆ ಅವನ ಕಾಲು ಚಡಪಡಿಸತೊಡಗಿದವು. ಮೂಗಿನ ತುದಿ ತುರಿಸಿತು. ಮಷಿನ್ನಿನ ಬೆಲ್ಟು ಬದಲಿಸುವುದಿತ್ತು, ಪುಂಡಲೀಕನ ಹೊಲದ ತೆನೆ ಹಾಗೇ ಬಿದ್ದಿತ್ತು, ಮಳೆ ಬಂದರೆ ಎಲ್ಲ ಹಾಳು. ಕೂಸನ್ನು ಒಯ್ಯಲು ಜೀಪು ಹೇಳಬೇಕೋ ಬಸ್ಸೇ ಸಾಕೋ? ಡಾಕ್ಟರು ಯಾಕೆ ಬರುತ್ತಿಲ್ಲ? ಎದ್ದು ನಾಲ್ಕು ಹೆಜ್ಜೆ ಅಡ್ಡಾಡಿದ್ದರೆ ಜೀವಕ್ಕೆ ಸಮಾಧಾನವಾಗುತ್ತಿತ್ತು. ಎದ್ದೇಳುವ ಹಾಗಿರಲಿಲ್ಲ.

ಅಷ್ಟರಲ್ಲಿ ಬಾಜು ಇದ್ದ ಮಷಿನ್ನು ಕೂಗಿತು. ಎದೆಯ ಮೇಲಿನ ಸಣ್ಣ ಏರಿಳಿತ ನಿಂತುಹೋಗಿದ್ದು ಗೂಳಪ್ಪನಿಗೆ ಆಗ ಗೊತ್ತಾಯಿತು. ನಾಜಮೀನ್ ಬಂದು, ಬಟ್ಟೆಯೊಳಗೆ ಕೈಹಾಕಿ ಕೂಸಿನ ಅಂಗಾಲನ್ನು ಬೆರಳಿನಿಂದ ತಿಕ್ಕಿದಳು. ಕೂಸು ಬೆಚ್ಚಿದಂತೆ ಮಾಡಿ ಉಸಿರೆಳೆದುಕೊಂಡಿತು. ಮಷಿನ್ನು ಸುಮ್ಮನಾಯಿತು.

"ಹೆದರಬ್ಯಾಡ್ರಿ. ಇಷ್ಟ ಲಗೂನ ಹುಟ್ಟಿದ ಕೂಸು ಉಸಿರಾಡೂದ ಮರೀತಾವು. ನೆನಪ ಮಾಡಬೇಕಾಗತೈತಿ."

"ಈ ಮಷಿನ್ನು ಇಲ್ಲದ ಕಡೆ ಮರೆತ್ರ ಹೆಂಗ ಗೊತ್ತಾಗತೈತವಾ?"

"ಗೊತ್ತಾಗಂಗಿಲ್ರಿ," ಎಂದು ಅವಳು ಇನ್ನೊಂದು ಕೂಸಿನ ಕಡೆ ಹೋದಳು.

ಆಮೇಲೆ ಗೂಳಪ್ಪ ಬೆಲ್ಟನ್ನೂ ತೆನೆಯನ್ನೂ ನೆನೆಯಲಿಲ್ಲ. ಗದ್ದವನ್ನು ಎದೆಗೆ ಒತ್ತಿ, ಆ ಏರಿಳಿತವನ್ನೇ ನೋಡುತ್ತಾ ಕೂತ. ಮನಸ್ಸು ಶಾಂತವಾಗಿರಲಿಲ್ಲ, ಮೊದಲಿಗಿಂತ ಹೆಚ್ಚು ಕುದಿಯುತ್ತಿತ್ತು. ಆದರೆ ಎಲ್ಲೆಲ್ಲೋ ಹರಿದಾಡುತ್ತಿದ್ದದ್ದು ಈಗ ಒಂದೇ ಕಡೆ ಬಂದು ನಿಂತಿತ್ತು. ಇನ್ನೊಮ್ಮೆ ಉಸಿರು ತಡೆದಾಗ ಮಷಿನ್ನು ಕೂಗುವುದಕ್ಕೆ ಮೊದಲೇ ಅವನ ಕೈ ಬಟ್ಟೆಯೊಳಗೆ ಹೋಗಿತ್ತು. ಇಡೀ ಅಂಗಾಲು ಅವನ ಹೆಬ್ಬೆರಳಿನಷ್ಟೇ ಇತ್ತು. ಬೆರಳು ಒರಟಾಯಿತೇನೋ ಎಂದು ಅಂಜುತ್ತಲೇ ತಿಕ್ಕಿದ. ಕೂಸು ಕಾಲು ಜಾಡಿಸಿ ಉಸಿರಾಡಿತು.

ಡಾಕ್ಟರಮ್ಮ ಬಂದಾಗ ಅವರಿಗೆ ಎಲ್ಲ ಗೊತ್ತಿತ್ತು.

"ಮನಿಗೆ ಒಯ್ತೀವಿ ಅಂದ್ರಂತ. ನಿಮ್ಮ ಹೆದರಿಕಿ ನನಗ ತಿಳೀತದ್ರಿ. ಈ ಕೂಸು ನಾಳೆ ಓಡ್ಯಾಡ್ತದ ಅಂತ ನಾ ಬರಕೊಡೂದಿಲ್ಲ. ಕಾಲು ಬಿಗಿ ಆದ್ರ ವ್ಯಾಯಾಮ ಮಾಡಿಸಬೇಕು, ಕಣ್ಣು ತಪಾಸಣಿ ಮಾಡಿಸಬೇಕು. ಮನಿ ಮಂದಿಗೆಲ್ಲಾ ಕೆಲಸ ಅದ. ಆದ್ರ ಇವತ್ತ ಒಯ್ದ್ರ ಕೂಸು ಊರು ಮುಟ್ಟೂದು ಕಷ್ಟ. ಏನ್ ಮಾಡ್ತೀರಿ ಹೇಳ್ರಿ."

ಬಸ್ಸಿನಲ್ಲಿ ಎರಡು ಸಲ ಜೋಡಿಸಿದ ಮಾತು ಗೂಳಪ್ಪನ ಬಾಯಿಗೆ ಬರಲಿಲ್ಲ.

"ಈಗರ ಏಳಾಕ ಬರಂಗಿಲ್ರಿ ಮೇಡಂ," ಎಂದು ಪಿಸುಗುಟ್ಟಿದ. "ಈಗ ಮಲಗೇತಿ."

ಸಂಜೆ ಬಟ್ಟೆ ತರಲೆಂದು ಊರಿಗೆ ಮರಳಿದಾಗ ಸಾವಂತ್ರೆವ್ವ ಅವನ ಖಾಲಿ ಕೈ ನೋಡಿದಳು.

"ಕೂಸೆಲ್ಲಿ?"

"ಅಲ್ಲೇ ಐತಿ. ಅಲ್ಲೇ ಇರತೈತಿ."

"ಯಾರ ನೋಡಾವ್ರು ಅದನ್ನ? ಇವತ್ತ ದವಾಖಾನ್ಯಾಗ ನರ್ಸ್ ನೋಡ್ತಾರ. ಆಮ್ಯಾಲೆ?"

"ಅಕ್ಕಾ, ನಿನಗ ಆ ಕೂಸು ಬ್ಯಾಡಾಗೇತೇನು?"

ಅವಳು ಒಲೆಯ ಮುಂದಿನಿಂದ ಎದ್ದು ಬಂದಳು. ದನಿ ಏರಲಿಲ್ಲ.

"ಕೂಸು ಬ್ಯಾಡಾಗಿಲ್ಲೋ. ಸವಿತಾನ ಪಾಡು ನೆನಸಾಕ ಆಗವಲ್ದು. ನೀಲವ್ವನ್ನ ನಾ ಹೊತ್ತಿನಿ. ಬಾಯಿ ಒರಸೂದು, ಎರಿಯೂದು, ಬಯಲಿಗೆ ಎತ್ಕೊಂಡ ಹೋಗೂದು, ಎಲ್ಲಾ ನಾನೊಬ್ಬಾಕಿನ. ಒಂದ ಮದವಿ ಕಾಣಲಿಲ್ಲ, ಒಂದ ದಿನ ತವರಮನ್ಯಾಗ ಮಲಗಲಿಲ್ಲ. ಮಂದಿ ಬರ್ತಿದ್ರು, ಪಾಪ ಅಂತಿದ್ರು, ಚಾ ಕುಡದು ಹೋಗ್ತಿದ್ರು. ನೀನೂ ಬರ್ತಿದ್ದಿ. ಕೊಡು ಇಲ್ಲೆ, ಒಂದ ತಾಸು ನಾ ಹಿಡಕೋತೀನಿ ಅಂತ ಒಬ್ಬರರ ಅಂದ್ರೇನು?"

ಯಾರೂ ಅಂದಿರಲಿಲ್ಲ. ಗೂಳಪ್ಪನೂ ಅಂದಿರಲಿಲ್ಲ. ಬಟ್ಟೆಯ ಚೀಲ ಹಿಡಿದು ಬಾಗಿಲಲ್ಲಿ ನಿಂತವನು, "ನಾಳೆ ನೀ ಬಾ ಅಕ್ಕಾ. ನನ್ನೊಬ್ಬನ ಕೈಲೆ ಆಗಂಗಿಲ್ಲ," ಅಂದ.

"ನನ್ನ ಕೈಲೆ ಇನ್ನೊಮ್ಮೆ ಆಗಂಗಿಲ್ಲ," ಎಂದು ಅವಳು ಒಳಗೆ ಹೋದಳು.

ಅವನು ಒಬ್ಬನೇ ಹೋದ. ದಿನವೂ ಅದೇ ಕುರ್ಚಿಯಲ್ಲಿ ಕೂತ. ವಾರ್ಡಿನ ಬಾಣಂತಿಯರು ಮೊದಮೊದಲು ಸೆರಗು ಬಾಯಿಗೆ ಹಿಡಿದು ನಕ್ಕರು, ಆಮೇಲೆ ತಮ್ಮ ತಮ್ಮ ಗಂಡಂದಿರನ್ನು ಕರೆಸಿ ತೋರಿಸಿದರು. ಊರಿನಿಂದ ರಾಶಿಗೆ ಕರೆಯುವ ಫೋನು ಬರುತ್ತಲೇ ಇತ್ತು. ಬೇರೆ ಮಷಿನ್ನು ನೋಡಿಕೊಳ್ಳಿರೆಂದು ಹೇಳಿ ಇಟ್ಟುಬಿಡುತ್ತಿದ್ದ.

ಸವಿತಾಳನ್ನು ಐಸಿಯುದಿಂದ ಹೊರಗೆ ತಂದ ದಿನ ಗಾಲಿ ಕುರ್ಚಿಯಲ್ಲಿ ಕೂಡಿಸಿ ವಾರ್ಡಿಗೆ ಕರೆತಂದರು. ಬರಿಮೈಯಲ್ಲಿ ಕೂತ ಗೂಳಪ್ಪ ಸೊಸೆಯನ್ನು ಕಂಡು ನಾಚಿ ಟವೆಲಿಗೆ ಕೈಚಾಚಿದ. ಕೂಸಿದ್ದುದರಿಂದ ಕೈ ಮುಟ್ಟಲಿಲ್ಲ. ಸವಿತಾ ಅದನ್ನೆಲ್ಲ ನೋಡಲೇ ಇಲ್ಲ. ಅವಳ ಕಣ್ಣು ಆ ಸಣ್ಣ ಟೊಪ್ಪಿಗೆಯ ಮೇಲೆಯೇ ಇದ್ದವು.

"ಮಾವಾರ, ಕೂಸಿನ್ನ ಮನಿಗೆ ತರಬೇಕಂತ ಮನ್ಯಾಗ ಮಾತಾಗಿತ್ತಂತ. ಹೌದೇನ್ರಿ?"

"ಹೌದವಾ. ನಾ ಅದಕ್ಕ ಬಂದಿದ್ದೆ."

"ಈಗ?"

"ಈಗ ನೀ ಹಿಡಿ. ನನ್ನ ಕಾಲು ಜೋಮು ಹಿಡದಾವು."

ಅವಳು ನಕ್ಕಳೋ ಅತ್ತಳೋ ತಿಳಿಯದಂತಾಯಿತು. ನಾಜಮೀನ್ ಕೂಸನ್ನು ಬಿಡಿಸಿ ತಾಯಿಯ ಎದೆಗೆ ಕೊಟ್ಟಳು. ಗೂಳಪ್ಪ ಹೊರಗೆ ಬಂದು ಕಿಟಕಿಯ ಹತ್ತಿರ ನಿಂತ. ಎದೆ ತಣ್ಣಗಾಗಿ, ಏನೋ ಕಳಕೊಂಡವರ ಹಾಗೆ ಕೈಗೆ ಕೆಲಸವಿಲ್ಲದೆ ಒದ್ದಾಡಿದ.

ಆಗ ಮೆಟ್ಟಿಲು ಹತ್ತಿ ಸಾವಂತ್ರೆವ್ವ ಬಂದಳು. ಕಂಕುಳಲ್ಲಿ ತೊಳೆದು ಮಡಿಸಿದ ಹಳೆ ಸೀರೆಯ ಮೆತ್ತನೆಯ ತುಂಡುಗಳು. ತಮ್ಮನನ್ನು ಮಾತಾಡಿಸದೆ ಸೀದಾ ಒಳಗೆ ನಡೆದಳು. ಅವಳನ್ನು ಕಂಡ ಸವಿತಾ ಎರಡೂ ಕೈಯಿಂದ ಕೂಸನ್ನು ಒತ್ತಿ ಹಿಡಿದುಕೊಂಡಳು.

ಸಾವಂತ್ರೆವ್ವ ಅಲ್ಲೇ ನಿಂತಳು. ಹತ್ತಿರ ಹೋಗಲಿಲ್ಲ.

"ಒಯ್ಯಾಕ ಬಂದಿಲ್ಲ ತಂಗಿ," ಅಂದಳು. "ಎಷ್ಟೊತ್ತು ಬೇಕೋ ಅಷ್ಟೊತ್ತು ನೀ ಹಿಡಕೋ. ಸಾಕಾದಾಗ ಹೇಳು, ನಾ ಹೊರಗ ಕುಂತಿರ್ತೀನಿ."

ಆ ದಿನ ಸವಿತಾ ಅವಳನ್ನು ಕರೆಯಲಿಲ್ಲ. ಮರುದಿನವೂ ಕರೆಯಲಿಲ್ಲ. ಸಾವಂತ್ರೆವ್ವ ಪಡಸಾಲೆಯಲ್ಲೇ ಕೂತಿದ್ದಳು, ಸೊಸೆಗೆ ಗಂಜಿ ತಂದುಕೊಟ್ಟಳು, ಬಟ್ಟೆ ಒಗೆದು ಹಾಕಿದಳು. ಅದರಾಚೆ ದಿನ ಸವಿತಾಳಿಗೆ ಹೊಲಿಗೆ ಹಾಕಿದ ಜಾಗ ನೋಯತೊಡಗಿ ಕೂತಿರಲು ಆಗದೆ ಹೋದಾಗ, "ಅತ್ಯಾರನ್ನ ಕರೀರಿ," ಎಂದು ನಾಜಮೀನಳಿಗೆ ಹೇಳಿದಳು. ಸಾವಂತ್ರೆವ್ವ ಕೂಸನ್ನು ಎದೆಗೆ ಹಾಕಿಕೊಂಡು ಕಣ್ಣು ಮುಚ್ಚಿದಳು. ಅದನ್ನು ಗೂಳಪ್ಪ ಬಾಗಿಲಿನ ಗಾಜಿನಿಂದ ನೋಡಿ, ಸರಿದು ನಿಂತ.

ಕೂಸು ಉಳಿಯಿತು. ಸೃಷ್ಟಿ ಎಂದು ಹೆಸರಿಟ್ಟರು. ಕಣ್ಣಿಗೆ ತೊಂದರೆಯಾಗಲಿಲ್ಲ. ಎಡಗಾಲು ಮಾತ್ರ ಬಿಗಿ. ಮುಂದಿನ ಸುಗ್ಗಿ ಬಂದರೂ ಅವಳು ಅಂಬೆಗಾಲಿಟ್ಟಿರಲಿಲ್ಲ. ವಾರಕ್ಕೊಮ್ಮೆ ಹುಬ್ಬಳ್ಳಿಗೆ ವ್ಯಾಯಾಮಕ್ಕೆ ಹೋಗಬೇಕು. ಒಮ್ಮೆ ಹನುಮೇಶ, ಒಮ್ಮೆ ಗೂಳಪ್ಪ ಕರೆದೊಯ್ಯುತ್ತಾರೆ. ಮನೆಯಲ್ಲಿ ಎಣ್ಣೆ ಹಚ್ಚಿ ಕಾಲು ಎಳೆಯುವ ಕೆಲಸ ಸಾವಂತ್ರೆವ್ವನದು. ಸವಿತಾ ಕಳೆದ ತಿಂಗಳು ತಂಗಿಯ ಮದುವೆಗೆ ತವರಿಗೆ ಹೋಗಿ, ಎರಡು ರಾತ್ರಿ ಇದ್ದು ಬಂದಳು. ಹೋಗಲೇಬೇಕೆಂದು ಹಟ ಹಿಡಿದು ಕಳಿಸಿದವಳು ಸಾವಂತ್ರೆವ್ವ.

ಆ ನಡುವೆ ಒಂದು ಮುಂಜಾನೆ ಪುಂಡಲೀಕ ರಾಶಿಯ ವಿಷಯ ಮಾತಾಡಲು ಬಂದ. ಚಹಾ ಕುಡಿದು, ಸಾವಂತ್ರೆವ್ವನ ತೊಡೆಯ ಮೇಲಿದ್ದ ಹುಡುಗಿಯ ಕಡೆ ನೋಡಿ, "ಪಾಪ, ಇನ್ನೂ ನಡ್ಯಾಕತ್ತಿಲ್ಲೇನು," ಅಂದ.

ಸಾವಂತ್ರೆವ್ವ ಎದ್ದು ಹುಡುಗಿಯನ್ನು ಅವನ ಮಡಿಲಲ್ಲಿ ಇಟ್ಟಳು.

"ಹಿಡಕೋ. ನಾ ರೊಟ್ಟಿ ಬಡ್ಯೂದೈತಿ."

"ಅಲ್ಲಬೇ, ನನಗ ಎಲ್ಲಿ..." ಎನ್ನುವಷ್ಟರಲ್ಲಿ ಅವಳು ಒಳಗೆ ಹೋಗಿದ್ದಳು. ಪುಂಡಲೀಕ ಎರಡೂ ಕೈ ಅಗಲಿಸಿ ಗೂಳಪ್ಪನ ಮುಖ ನೋಡಿದ. ಗೂಳಪ್ಪ ಮಷಿನ್ನಿಗೆ ಗ್ರೀಸು ಹಚ್ಚುವವನ ಹಾಗೆ ತಲೆ ತಗ್ಗಿಸಿದ. ಸೃಷ್ಟಿ ಹೊಸ ಮುಖವನ್ನು ಸ್ವಲ್ಪ ಹೊತ್ತು ಪರೀಕ್ಷಿಸಿ, ಅವನ ಅಂಗಿಯ ಗುಂಡಿಯನ್ನು ಮುಷ್ಟಿಯಲ್ಲಿ ಹಿಡಿದು, ಭುಜಕ್ಕೆ ತಲೆ ಇಟ್ಟು ಮಲಗಿಬಿಟ್ಟಳು.

ಒಳಗೆ ರೊಟ್ಟಿ ಬಡಿಯುವ ಸದ್ದು ನಡೆದೇ ಇತ್ತು. ಪುಂಡಲೀಕ ಅಲುಗಾಡಲಿಲ್ಲ. ಬಹಳ ಹೊತ್ತಿನ ಮೇಲೆ ದನಿ ತಗ್ಗಿಸಿ ಅಂದ: "ಅಣ್ಣಾ, ಆ ಬಾಗಲಾ ಮುಂದ ಮಾಡು. ಕೂಸಿಗೆ ಗಾಳಿ ಬಡ್ಯಾಕತ್ತೈತಿ."